ಕೊನೆಯ ಕಾಲು ಸುತ್ತು

ಸ್ಪ್ಯಾನರ್ ಹಿಡಿದ ಕೈಗೆ ಮಾತ್ರ ಗೊತ್ತಾಗುವ ಒಂದು ಗಳಿಗೆ ಇದೆ. ಬಿಗಿ, ಇನ್ನೂ ಬಿಗಿ, ಇನ್ನೊಂಚೂರು ಎಂದು ಒತ್ತುತ್ತಾ ಹೋಗುತ್ತೀರಿ. ಒತ್ತಿದಷ್ಟೂ ಎದುರಿನಿಂದ ತಡೆ ಬರುತ್ತಿರುತ್ತದೆ. ಇದ್ದಕ್ಕಿದ್ದಂತೆ ಆ ತಡೆ ಮಾಯ. ಸ್ಪ್ಯಾನರ್ ಹಗುರಾಗಿ ತಿರುಗಿಬಿಡುತ್ತದೆ. ಸದ್ದೂ ಇಲ್ಲ, ಗದ್ದಲವೂ ಇಲ್ಲ. ಹೊಟ್ಟೆಯೊಳಗೆ ಮಾತ್ರ ಏನೋ ಧಸಕ್ಕೆಂದು ಕುಸಿಯುತ್ತದೆ.

ನನಗೆ ಹಾಗಾದದ್ದು ಒಂದು ಶನಿವಾರ ರಾತ್ರಿ, ನಂಜನಗೂಡಿನ ನಮ್ಮ ಮನೆಯ ಜಗಲಿಯ ಮುಂದೆ. ಮಾರನೇ ದಿನ ಜುಲೈ ತಿಂಗಳ ಎರಡನೇ ಭಾನುವಾರ. ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರಿಗೆ ಅದೇ ವರ್ಷದ ಹಬ್ಬ. ಹಳೇ ಗಾಡಿಗಳೆಲ್ಲ ಮಿಂದು ಮೈ ಒರೆಸಿಕೊಂಡು ಒಂದು ಕಡೆ ಸೇರುವ ದಿನ. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಯೆಜ್ಡಿ ರೋಡ್‌ಕಿಂಗ್‌ಗೆ ಹೊಸ ಸ್ಪಾರ್ಕ್ ಪ್ಲಗ್ ಹಾಕುತ್ತಿದ್ದೆ. ಬಿಗಿಯಾಗಿತ್ತು. ಆದರೂ ದೂರದ ದಾರಿ, ಯಾಕೆ ಬೇಕು ಅಂತ ಇನ್ನೊಮ್ಮೆ ಒತ್ತಿದೆ. ಒಳಗಿನಿಂದ ಅಮ್ಮ "ಆಯ್ತೇನೋ?" ಅಂದರು. "ಆಯ್ತಮ್ಮ" ಅಂದೆ. ಏನಾಯಿತು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಪ್ಲಗ್ಗನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದೆ, ಅಲ್ಲಾಡಲಿಲ್ಲ. ಅಷ್ಟು ಸಾಕಾಯಿತು, ನನಗೆ ನಾನೇ ಸುಳ್ಳು ಹೇಳಿಕೊಂಡು ಮಲಗಲು.

ಬೆಳಿಗ್ಗೆ ಕಡಕೊಳ ದಾಟುವಷ್ಟರಲ್ಲಿ 'ಫಟ್' ಅಂತ ಸದ್ದು. ಗಾಡಿ ಮುಗ್ಗರಿಸಿ ನಿಂತಿತು. ಬಲಮೊಣಕಾಲಿನ ಮೇಲೆ ಪೆಟ್ರೋಲು, ಆಯಿಲು ಬೆರೆತ ಹನಿಗಳು. ಬಗ್ಗಿ ನೋಡಿದರೆ ಪ್ಲಗ್ ಎಂಜಿನ್ನಿನ ಹೆಡ್ಡಿನಿಂದ ಹಾರಿ ಬಂದು ಕ್ಯಾಪಿನ ಸಮೇತ ವೈರಿನಲ್ಲಿ ನೇತಾಡುತ್ತಿದೆ. ಅದರ ಕೊರಳಿಗೆ ಬೆಳ್ಳಿಯ ಕಾಲುಂಗುರದ ಹಾಗೆ ಏನೋ ಸುತ್ತಿಕೊಂಡಿತ್ತು. ಉಗುರಿನಿಂದ ತುದಿ ಬಿಡಿಸಿದರೆ ಸುರುಳಿ ಸುರುಳಿಯಾಗಿ ಬಂತು, ಹೊಳೆಯುವ ಮೆತ್ತನೆಯ ತಂತಿ. ಹೆಡ್ಡಿನ ಒಳಗಿದ್ದ ಥ್ರೆಡ್ಡು ಪೂರ್ತಿಯಾಗಿ ಕಿತ್ತು ಪ್ಲಗ್ಗಿನ ಜೊತೆಗೇ ಹೊರಟು ಬಂದಿತ್ತು.

ಪ್ಲಗ್ಗಿಗೆ ಏನೂ ಆಗಿರಲಿಲ್ಲ. ಅದು ಉಕ್ಕು. ಹೆಡ್ಡು ಅಲ್ಯುಮಿನಿಯಂ. ಎರಡೂ ಜಗಳಕ್ಕೆ ನಿಂತರೆ ಯಾರು ಸೋಲುತ್ತಾರೆ ಅನ್ನುವುದರಲ್ಲಿ ಅನುಮಾನವಿಲ್ಲ. ಎಂಜಿನ್ ಮಾಡುವವರಿಗೆ ಇದು ಗೊತ್ತಿಲ್ಲವೇ ಅಂದರೆ, ಗೊತ್ತಿದ್ದೇ ಮಾಡಿದ್ದಾರೆ. ಅಲ್ಯುಮಿನಿಯಂ ಹಗುರ, ಕಾವನ್ನು ಬೇಗ ಹೊರಗೆ ಹಾಕುತ್ತದೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಬೈಕಿನ ಎಂಜಿನ್ನಿಗೆ ಅದಕ್ಕಿಂತ ಒಳ್ಳೆಯ ಹೆಡ್ಡಿಲ್ಲ. ಹಳೇ ಅಂಬಾಸಡರ್ ಕಾರಿನ ಹೆಡ್ಡು ಬೀಡುಕಬ್ಬಿಣದ್ದು. ಟ್ಯಾಕ್ಸಿ ಓಡಿಸುವವರು ಅದರ ಪ್ಲಗ್ಗನ್ನು ತಮಗೆ ತೋಚಿದ ಹಾಗೆ ಜಡಿದರೂ ತಡೆದುಕೊಳ್ಳುತ್ತಿತ್ತು. ಆ ಕೈಚಳಕವನ್ನೇ ಅವರು ಅಲ್ಯುಮಿನಿಯಂ ಹೆಡ್ಡಿನ ಗಾಡಿಗಳಿಗೂ ಒಯ್ದದ್ದರಿಂದ ಎಷ್ಟು ಲೇತ್ ಅಂಗಡಿಗಳ ಒಲೆ ಉರಿಯಿತೋ.

ಆ ಥ್ರೆಡ್ಡು ಹೊರುವ ಭಾರ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ನನ್ನ ಗಾಡಿಯ ಪ್ಲಗ್ಗಿನ ದಪ್ಪ 14 ಮಿಲಿಮೀಟರ್. ಥ್ರೆಡ್ಡಿನ ಭಾಗದ ಉದ್ದ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ 1.25 ಮಿಲಿಮೀಟರ್ ಅಂತರ. ಎಲ್ಲಾ ಸೇರಿದರೆ ಹತ್ತು ಸುತ್ತು ಮಾತ್ರ. ಒಳಗೆ ಪೆಟ್ರೋಲು ಹೊತ್ತಿಕೊಂಡಾಗ ಒಂದು ಚದರ ಸೆಂಟಿಮೀಟರಿಗೆ 40 ಕೆ.ಜಿ. ಒತ್ತಡ ಅಂತ ಇಟ್ಟುಕೊಂಡರೂ ಪ್ಲಗ್ಗಿನ ಬುಡಕ್ಕೆ ಸುಮಾರು 60 ಕೆ.ಜಿ. ಬೀಳುತ್ತದೆ. ಒಬ್ಬ ಆಳು ಕೆಳಗಿನಿಂದ ಒದ್ದ ಹಾಗೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಸುತ್ತಿಗೊಂದು ಸಿಡಿತ. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 66 ಒದೆತ. ಹತ್ತು ಸುತ್ತಿನ ಅಲ್ಯುಮಿನಿಯಂ ಇದನ್ನೆಲ್ಲ ಉಸಿರೆತ್ತದೆ ತಾಳಿಕೊಳ್ಳುತ್ತದೆ. ಹತ್ತೂ ಸಮನಾಗಿ ಹೊರುತ್ತವೆ ಅಂತಲೂ ಇಲ್ಲ. ವಾಷರು ಕೂರುವ ಕಡೆಯ ಮೊದಲ ಒಂದೆರಡು ಸುತ್ತಿನ ಮೇಲೇ ಹೆಚ್ಚು ಭಾರ. ಕೂಡು ಕುಟುಂಬದ ಹಿರಿಮಗನ ಪಾಡು.

ಭಾರ ಒಂದೇ ಆಗಿದ್ದರೆ ಪರವಾಗಿಲ್ಲ, ಕಾವೂ ಇದೆ. ಬೆಂಕಿಯ ಮನೆಯೊಳಗೆ ಮೂತಿ ಇಟ್ಟುಕೊಂಡು ಕೂತ ಪ್ಲಗ್ಗು ತನ್ನ ಬಿಸಿಯನ್ನು ಥ್ರೆಡ್ಡು ಮತ್ತು ವಾಷರಿನ ಮೂಲಕವೇ ಹೆಡ್ಡಿಗೆ ದಾಟಿಸಬೇಕು. ಸಡಿಲವಾಗಿ ಕೂತರೆ ಆ ದಾರಿ ಮುಚ್ಚಿಹೋಗುತ್ತದೆ. ಪ್ಲಗ್ಗಿನ ತುದಿ ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳಬಹುದು. ಅದೇ ಮುಂದುವರಿದರೆ ಪಿಸ್ಟನ್ ತಲೆಯಲ್ಲಿ ತೂತು. ಹೀಗಾಗಿ ಪ್ಲಗ್ಗು ಸಡಿಲ ಇರಬಾರದು ಅನ್ನುವ ಭಯವೂ ಸುಳ್ಳಲ್ಲ. ಆ ಭಯದಲ್ಲೇ ನಾವು ಇನ್ನೊಂದು ಕಾಲು ಸುತ್ತು ಒತ್ತುವುದು.

ಗಾಡಿಯನ್ನು ಒಂದು ಗೂಡ್ಸ್ ಆಟೊಗೆ ಹೇರಿಕೊಂಡು ಮೈಸೂರಿಗೆ ಹೋದೆ. ಬನ್ನಿಮಂಟಪದ ಕಡೆ ಒಂದು ಲೇತ್ ಶೆಡ್ಡಿದೆ. ಶುಕ್ರವಾರ ರಜೆ, ಭಾನುವಾರ ಕೆಲಸ. ಆ ದಿನದ ಮಟ್ಟಿಗೆ ನನ್ನ ಪುಣ್ಯ. ಶೆಡ್ಡಿನ ಯಜಮಾನರನ್ನು ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅರವತ್ತು ದಾಟಿದವರು, ಓದುವ ಕನ್ನಡಕ ಹಣೆಯ ಮೇಲೆ, ಕಿವಿಯ ಸಂದಿಯಲ್ಲಿ ಚಾಕ್‌ಪೀಸು. ನಾನು ಪ್ಲಗ್ಗನ್ನು ಕೈಗಿಟ್ಟೆ. ಬೆಳಕಿಗೆ ಹಿಡಿದು ನೋಡಿ, "ಯಾರು ಸಾರ್ ಟೈಟ್ ಮಾಡಿದ್ದು?" ಅಂದರು.

"ಗೊತ್ತಿಲ್ಲ ಭಾಯ್. ತಾನಾಗೇ ಬಂತು."

ಅವರು ಮಾತಾಡಲಿಲ್ಲ. ಹಿಂದಿನ ಹಲಗೆಯ ಮೇಲಿದ್ದ ಅಗಲ ಬಾಯಿಯ ಗಾಜಿನ ಬಾಟಲಿ ತಂದು ನನ್ನ ಮುಂದೆ ಇಟ್ಟರು. ಮುಕ್ಕಾಲು ಭಾಗ ಹಳೇ ಪ್ಲಗ್ಗುಗಳು. ಒಂದೊಂದರ ಕೊರಳಿಗೂ ಅದೇ ಬೆಳ್ಳಿಯ ಸುರುಳಿ. "ಇವೆಲ್ಲಾ ತಾನಾಗೇ ಬಂದಿರೋವು" ಅಂದರು.

ಈ ಪ್ಲಗ್ಗಿನ ವಿಷಯದಲ್ಲಿ ಮೈಸೂರು, ಬೆಂಗಳೂರಿನವರಿಗೆ ಒಂದು ಸಲಿಗೆ ಇದೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1960-61ರ ಸುಮಾರಿನಲ್ಲಿ. ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಅಲ್ಲಿ ಕಟ್ಟುತ್ತಿದ್ದರು, 1973ರಿಂದ ಯೆಜ್ಡಿ ಅನ್ನುವ ಹೆಸರು. 1996ರಲ್ಲಿ ಬಾಗಿಲು ಹಾಕಿತು. ಇತ್ತ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮಾಡಿ ಮಾಡಿ, ಪ್ಲಗ್ ಅಂದರೆ ಮೈಕೊ, ಮೈಕೊ ಅಂದರೆ ಪ್ಲಗ್ ಅನ್ನುವ ಹಾಗಾಯಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಅಂತ ಬದಲಾಯಿತು. ಬಡಾವಣೆಯ ಹೆಸರಲ್ಲಿ, ವಯಸ್ಸಾದ ಮೆಕ್ಯಾನಿಕ್‌ಗಳ ಬಾಯಲ್ಲಿ ಮೈಕೊ ಇನ್ನೂ ಉಳಿದಿದೆ. ಯಾವ ಕಂಪನಿಯ ಪ್ಲಗ್ ಕೊಟ್ಟರೂ ಭಾಯ್ ಅದನ್ನು ಮೈಕೊ ಅಂತಲೇ ಕರೆಯುತ್ತಾರೆ.

ಟೂ ಸ್ಟ್ರೋಕ್ ಕಾಲದಲ್ಲಿ ಪ್ಲಗ್ ಬಿಚ್ಚುವುದು ದಿನದ ಕೆಲಸಗಳಲ್ಲೊಂದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿ. ಆಯಿಲ್ ಒಂಚೂರು ಹೆಚ್ಚಾದರೆ ಪ್ಲಗ್ಗಿನ ಮೂತಿಗೆ ಕಪ್ಪು ಹಿಡಿದು ಕಿಡಿ ನಿಂತುಹೋಗುತ್ತಿತ್ತು. ಸೀಟಿನ ಕೆಳಗೆ ಪ್ಲಗ್ ಸ್ಪ್ಯಾನರ್, ಒಂದು ತುಂಡು ಉಪ್ಪುಕಾಗದ, ಒಂದು ಹಳೇ ಬನಿಯನ್ ಬಟ್ಟೆ ಇಲ್ಲದ ಯೆಜ್ಡಿ, ಚೇತಕ್, ಲೂನಾ ಯಾವುದೂ ಇರಲಿಲ್ಲ. ಮದುವೆ ಮನೆಗೆ ಹೊರಟ ಗಂಡಸು ದಾರಿಯಲ್ಲಿ ಸ್ಕೂಟರ್ ಓರೆ ಮಾಡಿ ನಿಲ್ಲಿಸಿ, ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ತಿಕ್ಕಿ, ಬಾಯಲ್ಲಿ ಉಫ್ ಎಂದು ಊದಿ, ಸುಡುವ ಹೆಡ್ಡಿಗೇ ಮತ್ತೆ ತಿರುಗಿಸುತ್ತಿದ್ದ. ಹೆಂಡತಿ ರೇಷ್ಮೆ ಸೀರೆಯ ಸೆರಗು ಸುತ್ತಿಕೊಂಡು ಆಚೆ ನೋಡುತ್ತಾ ನಿಂತಿರುತ್ತಿದ್ದರು. ನಮ್ಮಪ್ಪ ಹಾಗೆ ನಿಲ್ಲಿಸಿದ ಜಾಗಗಳನ್ನು ಅಮ್ಮ ಈಗಲೂ ಪಟ್ಟಿ ಮಾಡಿ ಹೇಳಬಲ್ಲರು.

ತಿಂಗಳಿಗೆ ನಾಲ್ಕು ಸಲ ಬಿಚ್ಚಿ ಹಾಕಿದರೆ ವರ್ಷಕ್ಕೆ ಐವತ್ತರ ಹತ್ತಿರ. ಹತ್ತು ವರ್ಷಕ್ಕೆ ಐನೂರು. ಐನೂರು ಸಲ ಉಕ್ಕು ಅಲ್ಯುಮಿನಿಯಮ್ಮನ್ನು ಸವರಿಕೊಂಡು ಒಳಗೆ ಹೋಗಿ ಹೊರಗೆ ಬಂದಿರುತ್ತದೆ. ಹೆಚ್ಚಿನ ಸಲ ಎಂಜಿನ್ ಬಿಸಿಯಿದ್ದಾಗಲೇ. ಬಿಸಿಯಲ್ಲಿ ಅಲ್ಯುಮಿನಿಯಂ ಇನ್ನಷ್ಟು ಮೆತ್ತಗೆ. ನಾನು ಶನಿವಾರ ರಾತ್ರಿ ಒತ್ತಿದ್ದು ಐನೂರ ಒಂದನೆಯ ಸಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದು. ಭಾಯ್ ಒಪ್ಪಲಿಲ್ಲ. "ಸವೆದಿದ್ರೆ ಪುಡಿ ಬರ್ತದೆ ಸಾರ್. ಇದು ಸ್ಪ್ರಿಂಗ್ ಥರ ಬಂದಿದೆ. ಇದು ಕೈ ಕೆಲಸ."

ಥ್ರೆಡ್ಡು ಹೋಗುವುದಕ್ಕೆ ಇನ್ನೂ ಕೆಲವು ದಾರಿಗಳಿವೆ. ಅವುಗಳಲ್ಲಿ ತೀರಾ ಕೆಟ್ಟದ್ದು ಓರೆಯಾಗಿ ಹತ್ತಿಸುವುದು. ಪ್ಲಗ್ಗನ್ನು ನೇರವಾಗಿ ಇಡದೆ ಸ್ಪ್ಯಾನರಿನಿಂದಲೇ ಶುರು ಮಾಡಿದರೆ ಉಕ್ಕಿನ ಸುತ್ತು ಹಳೇ ದಾರಿ ಬಿಟ್ಟು ಅಡ್ಡಕ್ಕೆ ಹೊಸ ದಾರಿ ಕೊರೆದುಕೊಳ್ಳುತ್ತದೆ. ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ತುಕ್ಕು ಇರಬೇಕು ಅಂದುಕೊಂಡು ನಾವು ಇನ್ನೂ ಜೋರು ಮಾಡುತ್ತೇವೆ. ಇದನ್ನು ತಪ್ಪಿಸಲು ಹಳಬರು ಮಾಡುವ ಉಪಾಯ ಒಂದಿದೆ. ಗೇಣುದ್ದದ ರಬ್ಬರ್ ಪೆಟ್ರೋಲ್ ಪೈಪಿನ ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ಅದನ್ನು ಹಿಡಿದು ತಿರುಗಿಸುವುದು. ದಾರಿ ಸರಿಯಿದ್ದರೆ ಪ್ಲಗ್ ಸರಾಗವಾಗಿ ಇಳಿಯುತ್ತದೆ. ಓರೆಯಾದರೆ ಪೈಪೇ ಜಾರುತ್ತದೆ, ಥ್ರೆಡ್ಡು ಉಳಿಯುತ್ತದೆ. ಇನ್ನೂ ಒಂದು: ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಬೇಕು. ಒಂದು ಕಡೆ 'ಟಕ್' ಅಂತ ಕೂತ ಹಾಗೆ ಬೆರಳಿಗೆ ತಾಗುತ್ತದೆ. ಸುತ್ತಿನ ಬಾಯಿ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಬಲಕ್ಕೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ಹಾಕುವಾಗ ನಮ್ಮಜ್ಜಿ ಇದನ್ನೇ ಮಾಡುತ್ತಿದ್ದರು, ಅವರಿಗೆ ಯಾವ ಮೆಕ್ಯಾನಿಕ್ ಹೇಳಿಕೊಟ್ಟನೋ.

ತಪ್ಪು ಉದ್ದದ ಪ್ಲಗ್ ಹಾಕುವುದು ಇನ್ನೊಂದು ಎಡವಟ್ಟು. 14 ಮಿಲಿಮೀಟರ್ ಪ್ಲಗ್ಗಿನಲ್ಲೇ 12.7 ಉದ್ದದ್ದೂ ಇದೆ, 19 ಮಿಲಿಮೀಟರ್ ಉದ್ದದ್ದೂ ಇದೆ. ಉದ್ದದ್ದನ್ನು ಗಿಡ್ಡ ಹೆಡ್ಡಿಗೆ ಹಾಕಿದರೆ ತುದಿ ಒಳಗೆ ಇಣುಕುತ್ತದೆ. ಪಿಸ್ಟನ್ನಿಗೆ ತಾಗದಿದ್ದರೆ ಅದೃಷ್ಟ. ತಾಗದಿದ್ದರೂ ಇಣುಕಿದ ಸುತ್ತುಗಳಿಗೆ ಮಸಿ ಗಟ್ಟಿಯಾಗಿ ಹತ್ತಿಕೊಂಡು, ಬಿಚ್ಚುವಾಗ ಅದು ಹೆಡ್ಡಿನ ಥ್ರೆಡ್ಡನ್ನೆಲ್ಲ ಉಜ್ಜಿಕೊಂಡು ಬರುತ್ತದೆ. ಗಿಡ್ಡದ್ದನ್ನು ಉದ್ದ ಹೆಡ್ಡಿಗೆ ಹಾಕಿದರೆ ಕೆಳಗಿನ ಖಾಲಿ ಸುತ್ತುಗಳಲ್ಲಿ ಮಸಿ ತುಂಬಿ, ಮುಂದೆ ಸರಿಯಾದ ಪ್ಲಗ್ ಹಾಕುವ ಪಾಪದವನಿಗೆ ಕಾದಿರುತ್ತದೆ. ಗ್ರೀಸು ಸವರಿದರೆ ಒಳ್ಳೆಯದು ಅನ್ನುವ ನಂಬಿಕೆಯೂ ಇದೆ. ಈಗಿನ ಪ್ಲಗ್ಗುಗಳ ಮೈಗೆ ತುಕ್ಕು ಹಿಡಿಯದ ಲೇಪ ಇರುತ್ತದೆ. ಏನೂ ಸವರಬೇಡಿ ಅಂತ ಮಾಡುವವರೇ ಹೇಳುತ್ತಾರೆ. ಜಾರುವ ಥ್ರೆಡ್ಡಿಗೆ ಅದೇ ಬಲ ಹಾಕಿದರೂ ಒಳಗಿನ ಎಳೆತ ಹೆಚ್ಚಾಗಿ, ಬಿಗಿ ಮೀರಿಬಿಡುತ್ತದೆ.

ಭಾಯ್ ಹೆಡ್ಡನ್ನು ಬಿಚ್ಚಿಸಿದರು. ಹೆಡ್ಡು ಗಾಡಿಯ ಮೇಲಿದ್ದಂತೆಯೇ ಥ್ರೆಡ್ಡು ಕೊರೆಯುವ ಟ್ಯಾಪ್ ಹೊಡೆಯುವವರು ಇದ್ದಾರೆ. ಟ್ಯಾಪಿನ ಕಾಲುವೆಗಳಿಗೆ ಗ್ರೀಸು ಮೆತ್ತಿ, ಚೂರುಗಳು ಅದಕ್ಕೆ ಅಂಟಿಕೊಳ್ಳುವ ಹಾಗೆ ಮಾಡಿ, ಎರಡು ಸುತ್ತಿಗೊಮ್ಮೆ ಹೊರಗೆ ತೆಗೆದು ಒರೆಸಿ, ಕೊನೆಗೆ ಗಾಳಿ ಹೊಡೆದು ಸಿಲಿಂಡರಿನ ಬೋರಿನೊಳಗೆ ಬಿದ್ದದ್ದನ್ನು ಹಾರಿಸುತ್ತಾರೆ. ಕಾರಿನ ಎಂಜಿನ್ನಿಗೆ, ಹೆಡ್ಡು ಬಿಚ್ಚುವುದೇ ದೊಡ್ಡ ಖರ್ಚಾದಾಗ, ಇದು ಅನಿವಾರ್ಯ. ಟೂ ಸ್ಟ್ರೋಕ್ ಬೈಕಿನ ಹೆಡ್ಡಿನಲ್ಲಿ ವಾಲ್ವೂ ಇಲ್ಲ, ಚೈನೂ ಇಲ್ಲ. ಕಾಲು ಗಂಟೆಯಲ್ಲಿ ಬಿಚ್ಚಬಹುದಾದದ್ದನ್ನು ಬಿಚ್ಚದೆ ಬೋರಿನೊಳಗೆ ಲೋಹದ ಚೂರು ಬೀಳಿಸುವುದು ಶುದ್ಧ ಸೋಮಾರಿತನ ಅನ್ನುವುದು ಭಾಯ್ ಅಭಿಪ್ರಾಯ. ನನಗೂ ಹಾಗೇ ಅನ್ನಿಸುತ್ತದೆ.

"ಹೆಲಿಕಾಯಿಲ್ ಹಾಕ್ಲಾ, ಬುಷ್ ಹಾಕ್ಲಾ?" ಅಂದರು.

ಹೆಲಿಕಾಯಿಲ್ ಅಂದರೆ ತಂತಿಯ ಸುರುಳಿ. ತುಕ್ಕು ಹಿಡಿಯದ ಉಕ್ಕಿನ ತಂತಿ, ಆದರೆ ಗುಂಡಗಿಲ್ಲ. ಅಡ್ಡ ಕುಯ್ದರೆ ವಜ್ರಾಕಾರ, ಕಾಜೂ ಬರ್ಫಿಯ ಹಾಗೆ. ಸುರುಳಿಯ ಹೊರಮೈ ಹೆಡ್ಡಿನಲ್ಲಿ ಕೊರೆದ ಹೊಸ ಸುತ್ತಿನಲ್ಲಿ ಕೂರುತ್ತದೆ, ಒಳಮೈ ಪ್ಲಗ್ಗಿಗೆ ಹೊಸ ಥ್ರೆಡ್ಡಾಗುತ್ತದೆ. ಒಂದು ತಂತಿ, ಎರಡು ಕಡೆಯೂ ಥ್ರೆಡ್ಡು. ಕಂಡುಹಿಡಿದವನ ಜಾಣತನಕ್ಕೆ ಕೈ ಮುಗಿಯಬೇಕು. 1930ರ ದಶಕದಲ್ಲಿ ಬಂದ ಈ ಉಪಾಯ ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನದ ಎಂಜಿನ್ನುಗಳಲ್ಲಿ ನೆಲೆಯೂರಿತು. ಅಲ್ಲೂ ಇದೇ ಸಂಕಟ: ಹಗುರ ಇರಬೇಕು ಅಂತ ಅಲ್ಯುಮಿನಿಯಂ, ಮತ್ತೆ ಮತ್ತೆ ಬಿಚ್ಚಬೇಕಾದ ಉಕ್ಕಿನ ಪ್ಲಗ್ಗು. ಅಲ್ಲಿ ಥ್ರೆಡ್ಡು ಹೋದ ಮೇಲೆ ಹಾಕುವುದಕ್ಕೆ ಕಾಯದೆ ಮೊದಲೇ ಹಾಕಿಬಿಡುತ್ತಿದ್ದರು. ಮೆತ್ತನೆಯ ಲೋಹಕ್ಕೆ ಗಟ್ಟಿ ಲೋಹದ ಒಳಪದರ. ಸರಿಯಾಗಿ ಕೂರಿಸಿದ ಹೆಲಿಕಾಯಿಲ್ ಮೂಲ ಅಲ್ಯುಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ರಿಪೇರಿ ಮಾಡಿದ ವಸ್ತು ಹೊಸದಕ್ಕಿಂತ ಬಾಳಿಕೆ ಬರುವ ಕೆಲವೇ ಕೆಲಸಗಳಲ್ಲಿ ಇದೊಂದು.

ಹಾಕುವುದಕ್ಕೆ ವಿಶೇಷ ಟ್ಯಾಪು ಬೇಕು. ಅದರ ಮುಂಭಾಗ ಹಳೇ 14 ಮಿಲಿಮೀಟರ್ ಥ್ರೆಡ್ಡಿನ ಅಳತೆಯದೇ. ಉಳಿದ ಚೂರುಪಾರು ಸುತ್ತನ್ನೇ ದಾರಿ ಮಾಡಿಕೊಂಡು ನೇರವಾಗಿ ಇಳಿಯುತ್ತದೆ, ಹಿಂದಿನ ದಪ್ಪ ಭಾಗ ಹೊಸ ಸುತ್ತು ಕೊರೆಯುತ್ತದೆ. ಕುರುಡನ ಮುಂದೆ ಕೋಲು ಹೋದ ಹಾಗೆ. ನನ್ನ ಹೆಡ್ಡಿನಲ್ಲಿ ದಾರಿ ಹಿಡಿಯಲು ಒಂದು ಸುತ್ತೂ ಉಳಿದಿರಲಿಲ್ಲ. ಪ್ಲಗ್ಗು ಹಾರುವಾಗ ತೂತಿನ ಬಾಯಿಯೂ ಅಗಲವಾಗಿತ್ತು. "ಬುಷ್ಷೇ ಹಾಕೋಣ" ಅಂತ ಅವರೇ ತೀರ್ಮಾನಿಸಿದರು. ಬುಷ್ ಅಂದರೆ ಒಳಗೂ ಹೊರಗೂ ಥ್ರೆಡ್ಡಿರುವ ಲೋಹದ ಉಂಗುರ.

ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ತುಂಡು ಲೋಹಗಳ ರಾಶಿ. ಎಂ.ಎಸ್., ಹಿತ್ತಾಳೆ, ಗನ್‌ಮೆಟಲ್. ಗನ್‌ಮೆಟಲ್ಲಿನ ಒಂದು ತುಂಡು ಆರಿಸಿ ಲೇತಿನ ಚಕ್ಕಿಗೆ ಕಟ್ಟಿದರು. ಉಕ್ಕು ಗಟ್ಟಿಯಲ್ಲವೇ ಅಂತ ಕೇಳಿದೆ. ಬಿಸಿಯಾದಾಗ ಅಲ್ಯುಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ, ಉಕ್ಕಿನ ಬುಷ್ಷು ಅದರ ಜೊತೆ ಹೆಜ್ಜೆ ಹಾಕಲಾರದೆ ಕಾಲಾಂತರದಲ್ಲಿ ಸಡಿಲವಾಗಬಹುದು. ಗನ್‌ಮೆಟಲ್ ಹಿಗ್ಗುವುದು ಹೆಚ್ಚುಕಡಿಮೆ ಅಲ್ಯುಮಿನಿಯಂನ ಹತ್ತಿರಕ್ಕೆ ಬರುತ್ತದೆ. ಇದನ್ನು ನಾನು ಪುಸ್ತಕದ ಮಾತಿನಲ್ಲಿ ಬರೆಯುತ್ತಿದ್ದೇನೆ. ಭಾಯ್ ಹೇಳಿದ್ದು ಇಷ್ಟೆ: "ಇವೆರಡಕ್ಕೂ ಆಗಿಬರ್ತದೆ ಸಾರ್. ಕಬ್ಬಿಣಕ್ಕೆ ಆಗಿಬರಲ್ಲ." ಉಕ್ಕಿನ ಬುಷ್ಷು ಹಾಕಿ ವರ್ಷಗಟ್ಟಲೆ ಓಡಿಸಿದವರೂ ಇದ್ದಾರೆ. ಲೇತಿನವರ ಈ ಒಳಜಗಳದಲ್ಲಿ ನಾನು ತಲೆ ಹಾಕುವುದಿಲ್ಲ.

ಲೇತ್ ತಿರುಗತೊಡಗಿತು. ಕಂದು ಬಣ್ಣದ ತುಂಡಿನ ಮೇಲ್ಮೈ ಟೂಲು ತಾಗುತ್ತಲೇ ಹೊನ್ನಾಯಿತು. ಸಣ್ಣ ಸಣ್ಣ ಚೂರುಗಳು ಒಗ್ಗರಣೆಯ ಸಾಸಿವೆಯ ಹಾಗೆ ಚಿಟಪಟ ಹಾರಿ ಟ್ರೇಗೆ ಬಿದ್ದವು. ಹೊರಗೆ 18 ಮಿಲಿಮೀಟರ್, ಒಂದೂವರೆ ಪಿಚ್ಚಿನ ಥ್ರೆಡ್ಡು. ಒಳಗೆ ಪ್ಲಗ್ಗಿನ 14 ಮಿಲಿಮೀಟರ್. ಮೇಲುಗಡೆ ಟೋಪಿಯ ಅಂಚಿನಂಥ ಒಂದು ಕಾಲರ್. ನಾನು ಅಲ್ಲಿದ್ದ ಹೊತ್ತಲ್ಲಿ ಮೂವರು ಬಂದು ಹೋದರು. ಒಬ್ಬರು ಬೋರ್‌ವೆಲ್ ಮೋಟಾರಿನ ಶಾಫ್ಟು ತಂದಿದ್ದರು, ಇನ್ನೊಬ್ಬರು ಹೋಟೆಲಿನ ಗ್ರೈಂಡರಿನದ್ದು ಏನೋ. ಯಾರಿಗೂ ಅವರು ಲೇತಿನಿಂದ ಕಣ್ಣೆತ್ತಿ ಉತ್ತರ ಕೊಡಲಿಲ್ಲ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಬುಷ್ಷು ಸುಲಭ, ತೂತು ಕಷ್ಟ. ಹೆಡ್ಡನ್ನು ಡ್ರಿಲ್ಲಿಂಗ್ ಮಷೀನಿನ ಮೇಜಿಗೆ ಕಟ್ಟಿ ಹಳೇ ತೂತಿನ ನಡು ಹಿಡಿಯಲಿಕ್ಕೇ ಮುಕ್ಕಾಲು ಗಂಟೆ ತೆಗೆದುಕೊಂಡರು. ಒಂದು ಕೂದಲೆಳೆ ವಾಲಿದರೂ ಪ್ಲಗ್ಗು ಓರೆಯಾಗಿ ಕೂರುತ್ತದೆ. ವಾಷರು ಒಂದು ಕಡೆ ಒತ್ತಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಹದಿನಾರೂವರೆ ಮಿಲಿಮೀಟರಿಗೆ ಕೊರೆದು, ಮೇಲೆ ಕಾಲರ್ ಮುಳುಗುವಷ್ಟು ತಗ್ಗು ಮಾಡಿದರು. ಈ ತಗ್ಗನ್ನು ಮರೆಯುವವರು ಬಹಳ. ಕಾಲರ್ ಮೇಲೇ ಉಳಿದರೆ ಪ್ಲಗ್ಗು ಅಷ್ಟರಮಟ್ಟಿಗೆ ಹಿಂದೆ ಸರಿದು, ಕಿಡಿ ಹಾರಬೇಕಾದ ಜಾಗ ಬಿಟ್ಟು ತೂತಿನೊಳಗೆ ಅಡಗಿಕೊಳ್ಳುತ್ತದೆ. ಆಮೇಲೆ ಟ್ಯಾಪು: ಫಸ್ಟು, ಸೆಕೆಂಡು, ಬಾಟಮ್. ಎಣ್ಣೆ ಕ್ಯಾನಿನಿಂದ ಸೀಮೆಎಣ್ಣೆ ಬಿಟ್ಟುಕೊಂಡು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗಲೆಲ್ಲ ಒಳಗೆ ಚೂರು ಮುರಿಯುವ ಕಿರಕ್ ಸದ್ದು. ಆ ಸದ್ದು ಬರದಿದ್ದರೆ ನಿಲ್ಲಿಸಿ, ಹೊರಗೆ ತೆಗೆದು, ಒರೆಸಿ, ಮತ್ತೆ.

ಹೆಡ್ಡನ್ನು ಹಾಟ್‌ಪ್ಲೇಟ್ ಮೇಲಿಟ್ಟು ಬಿಸಿ ಮಾಡಿ, ಹಿಗ್ಗಿದ ತೂತಿಗೆ ತಣ್ಣನೆಯ ಬುಷ್ಷನ್ನು ಇಳಿಸಿದರು. ಬಿಸಿ ಆರಿದಾಗ ಅಲ್ಯುಮಿನಿಯಂ ಅದನ್ನು ಅವುಚಿಕೊಂಡಿತು. ಕಾಲರಿನ ಅಂಚಿಗೆ ಪಂಚಿನಿಂದ ನಾಲ್ಕು ಕಡೆ ಚುಕ್ಕಿ ಹೊಡೆದರು, ಇನ್ನು ತಿರುಗದ ಹಾಗೆ. ಕೆಳಗಡೆ, ಬೆಂಕಿಯ ಕೋಣೆಯೊಳಗೆ ಇಣುಕುತ್ತಿದ್ದ ಒಂದಿಷ್ಟು ಲೋಹವನ್ನು ಸಪಾಟಾಗಿ ಉಜ್ಜಿದರು. ಅಲ್ಲಿ ಒಂದು ಚೂಪು ಅಂಚು ಉಳಿದರೂ ಅದೇ ಕೆಂಡವಾಗಿ ಬೇಡದ ಹೊತ್ತಲ್ಲಿ ಬೆಂಕಿ ಹಚ್ಚುತ್ತದೆ. ಕೊನೆಗೆ ಒಂದು ಹಳೇ ಪ್ಲಗ್ಗು ಹಾಕಿ, ಹೆಡ್ಡನ್ನು ಬಟ್ಟಲಿನ ಹಾಗೆ ಅಂಗಾತ ತಿರುಗಿಸಿ, ಅದರ ಗುಳಿಗೆ ಸೀಮೆಎಣ್ಣೆ ತುಂಬಿ, ಕೆಳಗೆ ಒಂದು ಹಳೇ ಪತ್ರಿಕೆ ಹಾಸಿ, "ಬನ್ನಿ, ಟೀ ಕುಡಿಯೋಣ" ಅಂದರು. ಬಂದು ನೋಡಿದಾಗ ಪತ್ರಿಕೆ ಒಣಗಿದ್ದದ್ದು ಒಣಗಿದಂತೇ ಇತ್ತು.

ಇದಕ್ಕಿಂತ ಅಗ್ಗದ ದಾರಿಗಳೂ ಇವೆ. ಪ್ಲಗ್ಗಿಗೆ ತಾಮ್ರದ ತಂತಿ ಸುತ್ತಿ ಹಾಕುವುದು, ಎಪಾಕ್ಸಿ ಅಂಟು ಮೆತ್ತುವುದು. ರಾತ್ರಿ ಹೊತ್ತು ಕಾಡುದಾರಿಯಲ್ಲಿ ಕೆಟ್ಟು ನಿಂತವನು ಏನು ಮಾಡಿದರೂ ಮಾಫಿ. ಅದನ್ನೇ ರಿಪೇರಿ ಅಂತ ದುಡ್ಡು ತೆಗೆದುಕೊಂಡರೆ ಮಾತ್ರ ಮೋಸ. ಕೆಲವರು ಹಳೇ ತೂತನ್ನು ಆರ್ಗಾನ್ ವೆಲ್ಡಿಂಗಿನಲ್ಲಿ ಪೂರ್ತಿ ತುಂಬಿಸಿ ಹೊಸದಾಗಿ ಕೊರೆಸುತ್ತಾರೆ. ಹೆಡ್ಡು ಬಿರುಕು ಬಿಟ್ಟಿದ್ದರೆ ಅದೇ ಸರಿ. ಬರೀ ಥ್ರೆಡ್ಡು ಹೋಗಿದ್ದಕ್ಕೆ ಅಷ್ಟೊಂದು ಶಾಖ ಕೊಟ್ಟು ಹೆಡ್ಡಿನ ಮಟ್ಟ ಕೆಡಿಸಿಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ತಪ್ಪು ಯಾವಾಗಲೂ ಕೈಯದೇ ಅಂತಲೂ ಹೇಳಲಾಗದು. ಅಮೆರಿಕದಲ್ಲಿ ಫೋರ್ಡ್‌ನವರ ಟ್ರೈಟನ್ ಎಂಜಿನ್ನುಗಳಲ್ಲಿ, 1990ರ ದಶಕದ ಕೊನೆಯಿಂದ ಕೆಲವು ವರ್ಷ, ಪ್ಲಗ್ಗನ್ನು ಹಿಡಿದಿದ್ದದ್ದು ಬರೀ ನಾಲ್ಕೈದು ಸುತ್ತು. ಟ್ರಕ್ಕು ಓಡುತ್ತಿರುವಾಗಲೇ ಪ್ಲಗ್ಗು ಮೇಲಿನ ಇಗ್ನಿಷನ್ ಕಾಯಿಲ್ ಸಮೇತ ಹಾರಿಬರುತ್ತಿತ್ತು. ಮುಂದಿನ ಹೆಡ್ಡುಗಳಲ್ಲಿ ಸುತ್ತು ಹೆಚ್ಚಿಸಿದರು. ಅಷ್ಟರೊಳಗೆ ಅಲ್ಲಿ ಈ ಥ್ರೆಡ್ಡು ರಿಪೇರಿಯೇ ಒಂದು ದೊಡ್ಡ ಕಸುಬಾಗಿಬಿಟ್ಟಿತ್ತು. ಬಿಗಿ ಸರಿಯಿದ್ದೂ ಹಿಡಿತ ಸಾಲದ ಕಥೆ ಅದು. ನಮ್ಮದು ಹಿಡಿತ ಸಾಕಷ್ಟಿದ್ದೂ ನಂಬಿಕೆ ಸಾಲದ ಕಥೆ.

ಹಾಗಾದರೆ ಎಷ್ಟು ಬಿಗಿ ಸರಿ? 14 ಮಿಲಿಮೀಟರ್ ಪ್ಲಗ್ಗು, ಅಲ್ಯುಮಿನಿಯಂ ಹೆಡ್ಡು ಇದ್ದರೆ 25ರಿಂದ 30 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರಿಗೆ ಹೀಗೆ ಹೇಳಬಹುದು: ಗೇಣಿಗಿಂತ ಒಂದಿಷ್ಟು ಉದ್ದದ, 25 ಸೆಂಟಿಮೀಟರ್ ಹಿಡಿಯ ತುದಿಗೆ ಹತ್ತು ಕೆ.ಜಿ. ಅಕ್ಕಿಯ ಚೀಲ ನೇತುಹಾಕಿದಷ್ಟು. ಮೈಭಾರ ಬಿಟ್ಟು ಒತ್ತಿದರೆ ಅದೇ ಹಿಡಿಯ ಮೇಲೆ ನಲವತ್ತು ಕೆ.ಜಿ. ಸಲೀಸಾಗಿ ಬೀಳುತ್ತದೆ, ಬೇಕಾದದ್ದರ ನಾಲ್ಕು ಪಟ್ಟು. ಹಿಡಿ ಉದ್ದವಾದಷ್ಟೂ ಅಪಾಯ. ಪೈಪ್ ಸಿಕ್ಕಿಸಿ ಪ್ಲಗ್ ಬಿಗಿ ಮಾಡುವವರನ್ನೂ ನೋಡಿದ್ದೇನೆ, ಅವರ ಜೊತೆ ವಾದ ಮಾಡಬಾರದು.

ವಾಷರಿನ ಭಾಷೆ ಗೊತ್ತಿದ್ದರೆ ಟಾರ್ಕ್ ರೆಂಚೂ ಬೇಡ. ಹೊಸ ಪ್ಲಗ್ಗಿನ ವಾಷರು ಒಳಗೆ ಟೊಳ್ಳು, ಹೊಸ ಹಪ್ಪಳದ ಹಾಗೆ ಉಬ್ಬಿರುತ್ತದೆ. ಬೆರಳಿನಿಂದ ಎಷ್ಟು ಹೋಗುತ್ತದೋ ಅಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು. ಆ ಅರ್ಧ ಸುತ್ತಿನಲ್ಲಿ ವಾಷರು ಮೆತ್ತಗೆ ಕುಸಿಯುವುದು ಕೈಗೆ ತಿಳಿಯುತ್ತದೆ. ಕುಸಿದು ಮುಗಿದ ಕೂಡಲೇ ಗಟ್ಟಿ ನೆಲ ತಾಗಿದ ಹಾಗಾಗುತ್ತದೆ. ಅಲ್ಲಿಗೆ ಮುಗಿಯಿತು. ಅದೇ ಪ್ಲಗ್ಗನ್ನು ಬಿಚ್ಚಿ ಮತ್ತೆ ಹಾಕುವಾಗ ವಾಷರು ಆಗಲೇ ಚಪ್ಪಟೆ. ಆಗ ಬೇಕಾದದ್ದು ಹನ್ನೆರಡನೇ ಒಂದು ಭಾಗ, ಹೆಚ್ಚೆಂದರೆ ಎಂಟನೇ ಒಂದು ಭಾಗ. ಗಡಿಯಾರದಲ್ಲಿ ಹನ್ನೆರಡರಿಂದ ಒಂದಕ್ಕೆ. ಹಳೇ ಪ್ಲಗ್ಗಿಗೂ ಹೊಸದರ ಅರ್ಧ ಸುತ್ತೇ ಕೊಡುವುದರಿಂದ ಎಷ್ಟೋ ಹೆಡ್ಡುಗಳು ಹಾಳಾಗಿವೆ. ನಾನು ಹೊಸದಕ್ಕೇ ಅದನ್ನು ಮೀರಿ ಕೊಟ್ಟಿದ್ದೆ.

ಈಗಿನ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಕಥೆ ಬೇರೆ ರೂಪ ಪಡೆದಿದೆ. ಸ್ಪ್ಲೆಂಡರ್, ಆ್ಯಕ್ಟಿವಾ ಥರದವುಗಳ ಪ್ಲಗ್ಗು 10 ಮಿಲಿಮೀಟರಿನದ್ದು, ಕಿರುಬೆರಳಿಗಿಂತ ತೆಳ್ಳಗೆ. ಅದಕ್ಕೆ ಬೇಕಾದ ಬಿಗಿ 10ರಿಂದ 12 ನ್ಯೂಟನ್ ಮೀಟರ್, ಅಂದರೆ ಅದೇ ಹಿಡಿಗೆ ನಾಲ್ಕೈದು ಕೆ.ಜಿ. ಮಾತ್ರ. ಪ್ಲಗ್ಗು ಬಿಚ್ಚುವುದು ಸರ್ವೀಸಿಗೊಮ್ಮೆ, ಕೆಲವರದ್ದು ಅದೂ ಇಲ್ಲ. ಅಭ್ಯಾಸ ತಪ್ಪಿದ ಕೈ, ತೆಳ್ಳನೆಯ ಪ್ಲಗ್ಗು, ಸ್ಕೂಟರಿನ ಫೈಬರ್ ಮೈಯೊಳಗೆ ಕಣ್ಣಿಗೆ ಕಾಣದ ತೂತು. ಓರೆಯಾಗಿ ಹತ್ತಲು ಇನ್ನೇನು ಬೇಕು? ಯೆಜ್ಡಿ ಬಿಗಿ ಮಾಡಿದ ಕೈಗಳೇ ಇವನ್ನೂ ಮಾಡುತ್ತಿವೆ. ಭಾಯ್ ಹತ್ತಿರ ಬರುವ ಹೆಡ್ಡುಗಳಲ್ಲಿ ಈಗ ಹೆಚ್ಚಿನವು ಸ್ಕೂಟರಿನವಂತೆ.

ಸಂಜೆ ನಾಲ್ಕಕ್ಕೆ ಹೆಡ್ಡು ಕೂರಿಸಿದೆವು. ಹಬ್ಬ ಮುಗಿದು ಗಾಡಿಗಳು ಮನೆಗೆ ಹೋಗಿಯಾಗಿತ್ತು. ಹೊಸ ಪ್ಲಗ್ಗನ್ನು ನೀವೇ ಹಾಕಿ ಅಂತ ಭಾಯ್ ನನ್ನ ಕೈಗೆ ಕೊಟ್ಟರು. ಬೆರಳಲ್ಲಿ ತಿರುಗಿಸಿದೆ, ರೇಷ್ಮೆಯ ಹಾಗೆ ಇಳಿಯಿತು. ಸ್ಪ್ಯಾನರ್ ಇಟ್ಟು ಅರ್ಧ ಸುತ್ತು. ವಾಷರು ಕುಸಿದದ್ದು ಗೊತ್ತಾಯಿತು. ಕೈ ಮತ್ತೆ ಮುಂದಕ್ಕೆ ಹೊರಟಿತ್ತು, ಅವರು ಕೆಮ್ಮಿದರು. ನಿಲ್ಲಿಸಿದೆ. ಇನ್ನೂರೈವತ್ತು ರೂಪಾಯಿ ಕೇಳಿದರು. ನೂರು ಕಿಲೋಮೀಟರ್ ಓಡಿಸಿ, ತಣ್ಣಗಿದ್ದಾಗ ಒಮ್ಮೆ ತಂದು ತೋರಿಸಿ ಅಂದರು.

ಎರಡು ವಾರ ಬಿಟ್ಟು ಹೋದೆ. ಬಾಗಿಲಲ್ಲಿ ಒಬ್ಬ ಹುಡುಗ, ಕಾಲೇಜಿನವನಿರಬೇಕು, ಬಿಚ್ಚಿದ ಸ್ಕೂಟರಿನ ಹೆಡ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ವಾದ ಮಾಡುತ್ತಿದ್ದ. "ನಾನು ಮುಟ್ಟೇ ಇಲ್ಲ ಅಂಕಲ್, ತಾನಾಗೇ ಲೂಸಾಗಿ ಬಂತು." ಭಾಯ್ ಹಲಗೆಯ ಮೇಲಿಂದ ಬಾಟಲಿ ತಂದು ಮುಚ್ಚಳ ತೆಗೆದು ಅವನ ಮುಂದೆ ಇಟ್ಟರು. ನನ್ನ ಕಡೆ ನೋಡಲಿಲ್ಲ. ಎಲ್ಲಕ್ಕಿಂತ ಮೇಲೆ, ಸುರುಳಿ ಇನ್ನೂ ಹೊಳೆಯುತ್ತಾ ಇದ್ದದ್ದು ನನ್ನದು.